ಯಾವ ಪ್ರಶ್ನೆಗೆ ಯಾವ ಪ್ರಾಣಿ: ನರಗಳ ಬಗ್ಗೆ ನಮಗೆ ಗೊತ್ತಾದದ್ದು ಹೇಗೆ

ಇಲಿಗಳಲ್ಲಿ ಅಲ್ಜೈಮರ್ ವಾಸಿಯಾಯಿತು ಅನ್ನೋ ಸುದ್ದಿಯನ್ನು ಎಷ್ಟು ಸಲ ಓದಿದ್ದೀರಿ? ದಾರಿ ಮರೆತಿದ್ದ ಇಲಿ ಮತ್ತೆ ದಾರಿ ಹಿಡಿಯಿತು, ಕಾಲು ಎಳೆಯುತ್ತಿದ್ದ ಇಲಿ ಓಡಿತು. ಮನೆಯಲ್ಲಿ ಅಂಥ ಕಾಯಿಲೆಯವರಿದ್ದರೆ ಇದನ್ನು ಓದಿದ ಕೂಡಲೇ ಆಸೆ ಚಿಗುರುತ್ತದೆ. ಆಮೇಲೆ ವರ್ಷಗಳು ಉರುಳುತ್ತವೆ, ಆ ಔಷಧಿಯ ಸುದ್ದಿಯೇ ಇರುವುದಿಲ್ಲ. ಹಾಗಾದರೆ ಇಲಿ, ನೊಣ, ಕಪ್ಪೆಗಳ ಮೇಲೆ ಮಾಡುವ ಪ್ರಯೋಗವೆಲ್ಲ ವ್ಯರ್ಥವೇ?

ಅಲ್ಲ. ನರಗಳ ಬಗ್ಗೆ ಇವತ್ತು ವೈದ್ಯರಿಗೆ ಗೊತ್ತಿರುವ ಮೂಲ ಸಂಗತಿಗಳಲ್ಲಿ ಬಹುಪಾಲು ಪ್ರಾಣಿಗಳಿಂದಲೇ ಬಂದದ್ದು. ತೊಡಕು ಇರುವುದು ಬೇರೆ ಕಡೆ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದೇ ಅಂದುಕೊಂಡುಬಿಡುತ್ತೇವೆ. ನರ ಸಂದೇಶವನ್ನು ಹೇಗೆ ಸಾಗಿಸುತ್ತದೆ ಅನ್ನೋದು ಒಂದು ಪ್ರಶ್ನೆ. ಮನುಷ್ಯನ ನರಕ್ಕೆ ಯಾಕೆ ಕಾಯಿಲೆ ಬರುತ್ತದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಪ್ರಾಣಿಗಳು ಖಚಿತವಾದ ಉತ್ತರ ಕೊಟ್ಟಿವೆ. ಯಾಕಂದರೆ ಆ ಏರ್ಪಾಡು ಬಹಳ ಹಳೆಯದು, ಹುಳದಿಂದ ಮನುಷ್ಯನವರೆಗೆ ಅದರ ಮೂಲ ಹಾಗೇ ಉಳಿದುಕೊಂಡು ಬಂದಿದೆ. ಎರಡನೆಯದಕ್ಕೆ ನಂಬುವಂಥ ಉತ್ತರ ಸಿಗುವುದು ಕಾಯಿಲೆಯ ನಿಜವಾದ ಕಾರಣ ನಮಗೆ ಗೊತ್ತಿದ್ದು, ಅದೇ ಕಾರಣವನ್ನು ಪ್ರಾಣಿಯ ಮೈಯಲ್ಲಿ ತರಲು ಸಾಧ್ಯವಾದಾಗ. ಎಡವಟ್ಟುಗಳಲ್ಲಿ ಹೆಚ್ಚಿನವು ಆದದ್ದು ಇಲ್ಲೇ.

ಸಂದೇಶ ಹೊರಡುವುದು

ಮೊದಲು ಸಂದೇಶದ ವಿಷಯ. ನರಕೋಶದಿಂದ ಒಂದು ಉದ್ದನೆಯ ಎಳೆ ಹೊರಡುತ್ತದೆ. ಸಂದೇಶ ಆ ಎಳೆಯಲ್ಲಿ ವಿದ್ಯುತ್ತಿನ ರೂಪದಲ್ಲಿ ಓಡುತ್ತದೆ. ಅದನ್ನು ಅಳೆಯಬೇಕಾದರೆ ಎಳೆಯ ಒಳಗೇ ತಂತಿ ಇಳಿಸಬೇಕು. ಮನುಷ್ಯನ ಅತಿ ದಪ್ಪದ ಎಳೆಯೂ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ಮಾತ್ರ. ಅದರೊಳಗೆ ಏನು ತೂರಿಸೋಕಾಗುತ್ತದೆ?

ಇದಕ್ಕೆ ದಾರಿ ತೋರಿಸಿದ್ದು ಸ್ಕ್ವಿಡ್ ಅನ್ನೋ ಮೆತ್ತನೆ ಮೈಯ ಸಮುದ್ರಪ್ರಾಣಿ. ಅಪಾಯ ಕಂಡರೆ ಅದು ಮೈ ಬಿಗಿದು, ನೀರನ್ನು ರಭಸದಿಂದ ಹೊರಚಿಮ್ಮಿ ಪಾರಾಗುತ್ತದೆ. ಆ ಆಜ್ಞೆ ಬೇಗ ತಲುಪಬೇಕು, ಅದಕ್ಕೆಂದೇ ಅದರ ಮೈಯಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ಎಳೆ ಇದೆ. ಬರಿಗಣ್ಣಿಗೇ ಕಾಣುತ್ತದೆ. 1936ರಲ್ಲಿ ಜೆ. ಝಡ್. ಯಂಗ್ ಇದು ನರದ ಎಳೆಯೇ ಅಂತ ವಿವರಿಸಿ ಎಲ್ಲರ ಗಮನ ಸೆಳೆದರು. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಆ ಎಳೆಯೊಳಗೆ ಉದ್ದಕ್ಕೆ ಒಂದು ಸಣ್ಣ ಗಾಜಿನ ಕೊಳವೆ ಇಳಿಸಿ ವೋಲ್ಟೇಜ್ ಅಳೆದರು. ಸುಮ್ಮನಿದ್ದಾಗ ಎಳೆಯ ಒಳಭಾಗ ಹೊರಗಿಗಿಂತ ಋಣವಾಗಿರುತ್ತದೆ ಅಂತ ಮೊದಲೇ ಅಂದಾಜಿತ್ತು. ಸಂದೇಶ ಹಾದುಹೋಗುವಾಗ ಅದು ಸೊನ್ನೆಗೆ ಬರುತ್ತದೆ ಅಂತ ಎಲ್ಲರೂ ನಂಬಿದ್ದರು. ಕಂಡದ್ದು ಬೇರೆಯೇ. ವೋಲ್ಟೇಜ್ ಸೊನ್ನೆ ದಾಟಿ, ಸುಮಾರು 40 ಮಿಲಿವೋಲ್ಟ್ ಧನದ ಕಡೆಗೆ ನೆಗೆದಿತ್ತು. ಅಂದರೆ ಎಳೆಯ ಪೊರೆಯಲ್ಲಿ ಸುಮ್ಮನೆ ತೂತು ಬಿದ್ದದ್ದಲ್ಲ. ಏನೋ ಒಂದು ಆಯ್ದು ಒಳಗೆ ನುಗ್ಗುತ್ತಿದೆ.

ಅದು ಸೋಡಿಯಂ. ಪೊರೆಯಲ್ಲಿರುವ ದ್ವಾರಗಳಿಂದ ಸೋಡಿಯಂ ಒಳಗೆ ನುಗ್ಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಒಂದೆರಡು ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿದು ಎಳೆ ಮೊದಲಿನ ಸ್ಥಿತಿಗೆ ಬರುತ್ತದೆ. ಯುದ್ಧದಿಂದ ನಿಂತಿದ್ದ ಕೆಲಸವನ್ನು ಮುಗಿಸಿ ಇಬ್ಬರೂ 1952ರಲ್ಲಿ ಇದರ ಲೆಕ್ಕವನ್ನೇ ಸಮೀಕರಣಗಳಲ್ಲಿ ಬರೆದಿಟ್ಟರು. ಕೇಂಬ್ರಿಡ್ಜ್‌ನ ಕಂಪ್ಯೂಟರ್ ಆಗ ಬಳಕೆಗೆ ಸಿಗದ ಕಾರಣ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಅಷ್ಟೂ ಲೆಕ್ಕ ಹಾಕಿದರು. ಆ ಸಮೀಕರಣಗಳು ಇವತ್ತಿಗೂ ಬಳಕೆಯಲ್ಲಿವೆ. ಹಲ್ಲು ಕೀಳುವ ಮೊದಲು ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಕೆಲಸ ಮಾಡುವುದು ಈ ಸೋಡಿಯಂ ದ್ವಾರವನ್ನು ಮುಚ್ಚಿಯೇ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪೈನ್ ಮಾತ್ರೆಗಳೂ ಇದೇ ದ್ವಾರವನ್ನು ಹಿಡಿತದಲ್ಲಿಡುತ್ತವೆ.

ಸ್ಕ್ವಿಡ್‌ಗೂ ಒಂದು ಮಿತಿ ಇದೆ. ಅದು ವೇಗ ಪಡೆಯುವುದು ದಪ್ಪದಿಂದ. ನಾವು ವೇಗ ಪಡೆಯುವುದು ಎಳೆಗೆ ಸುತ್ತಿರುವ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆಯಿಂದ. ಸ್ಕ್ವಿಡ್‌ಗೆ ಆ ಹೊದಿಕೆಯೇ ಇಲ್ಲ. ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯ ಬಗ್ಗೆ ಸ್ಕ್ವಿಡ್ಡನ್ನು ಕೇಳಿ ಪ್ರಯೋಜನವಿಲ್ಲ.

ಸಂದೇಶ ದಾಟುವುದು

ಎಳೆಯ ತುದಿಗೆ ಬಂದ ಸಂದೇಶ ಮುಂದಿನ ಕೋಶಕ್ಕೆ ದಾಟಬೇಕು. ನಡುವೆ ಸಣ್ಣ ಬಿರುಕು ಇದೆ. ಅಲ್ಲಿ ವಿದ್ಯುತ್ತೇ ಹಾರುತ್ತದೆಯೋ, ರಾಸಾಯನಿಕ ಸುರಿಯುತ್ತದೆಯೋ ಅಂತ ದಶಕಗಳ ಕಾಲ ಜಗಳ ನಡೆಯಿತು. 1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓಟೋ ಲೋವಿ ಎರಡು ಕಪ್ಪೆ ಹೃದಯಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಮೊದಲನೆಯ ಹೃದಯದ ನರವನ್ನು ಕೆಣಕಿದಾಗ ಬಡಿತ ನಿಧಾನವಾಯಿತು. ಆ ಹೃದಯವನ್ನು ತೊಯಿಸಿದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದಾಗ, ಅದರ ನರವನ್ನು ಮುಟ್ಟದೆಯೇ ಅದೂ ನಿಧಾನವಾಯಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ.

ಇನ್ನೂ ಹತ್ತಿರದಿಂದ ನೋಡಿದವರು ಲಂಡನ್ನಿನ ಬರ್ನಾರ್ಡ್ ಕಾಟ್ಜ್. ಅವರು ಮತ್ತು ಪಾಲ್ ಫ್ಯಾಟ್ ಕಪ್ಪೆಯ ಸ್ನಾಯುವಿಗೆ ನರ ಸೇರುವ ಜಾಗದಲ್ಲಿ ಚೂಪಾದ ಗಾಜಿನ ಎಲೆಕ್ಟ್ರೋಡ್ ಇಟ್ಟರು. ನರವನ್ನು ಕೆಣಕಲೇ ಇಲ್ಲ. ಆದರೂ ಪರದೆಯ ಮೇಲೆ ಆಗೊಂದು ಈಗೊಂದು ಪುಟ್ಟ ಉಬ್ಬು ಮೂಡುತ್ತಿತ್ತು. ಎತ್ತರ ಅರ್ಧ ಮಿಲಿವೋಲ್ಟಿನಷ್ಟು. ಇದನ್ನು ಯಂತ್ರದ ಗದ್ದಲ ಅಂತ ತಳ್ಳಿಹಾಕಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಆಮೇಲೆ ಕಾಟ್ಜ್ ಮತ್ತು ಹೋಸೆ ಡೆಲ್ ಕಾಸ್ಟಿಲ್ಯೋ ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿ ನರವನ್ನು ಕೆಣಕಿದರು. ಸ್ನಾಯುವಿನ ಉತ್ತರ ಕುಗ್ಗಿತು. ಕುಗ್ಗಿದ ರೀತಿ ನೋಡಬೇಕು: ಒಮ್ಮೆ ಏನೂ ಇಲ್ಲ, ಒಮ್ಮೆ ಒಂದು ಉಬ್ಬಿನಷ್ಟು, ಒಮ್ಮೆ ಎರಡರಷ್ಟು, ಒಮ್ಮೆ ಮೂರರಷ್ಟು. ಒಂದೂವರೆ ಅನ್ನೋದು ಇರಲಿಲ್ಲ. ಅಂದರೆ ನರದ ತುದಿ ರಾಸಾಯನಿಕವನ್ನು ಪೊಟ್ಟಣ ಕಟ್ಟಿಟ್ಟುಕೊಂಡಿರುತ್ತದೆ. ಬಿಟ್ಟರೆ ಇಡೀ ಪೊಟ್ಟಣ, ಇಲ್ಲದಿದ್ದರೆ ಇಲ್ಲ. ಪೊಟ್ಟಣ ಬಿಚ್ಚಲು ಕ್ಯಾಲ್ಸಿಯಂ ಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಪೊಟ್ಟಣಗಳು ಕಣ್ಣಿಗೆ ಕಂಡವು.

ಪೊಟ್ಟಣವನ್ನು ಬಿಚ್ಚುವ ಪ್ರೋಟೀನುಗಳು ಯಾವುವು? ಇದಕ್ಕೆ ಒಂದು ಮಿಲಿಮೀಟರ್ ಉದ್ದದ ಹುಳ ನೆರವಾಯಿತು. ಸಿ. ಎಲೆಗನ್ಸ್ ಅನ್ನೋ ಈ ಹುಳಕ್ಕೆ ಇರುವುದು 302 ನರಕೋಶ. ಸಿಡ್ನಿ ಬ್ರೆನ್ನರ್ ಸರಿಯಾಗಿ ಹರಿದಾಡಲಾಗದ ಹುಳಗಳನ್ನು ಹೆಕ್ಕಿ ಹೆಕ್ಕಿ, ಯಾವ ಜೀನ್ ಕೆಟ್ಟಿದೆ ಅಂತ ಗುರುತಿಸುತ್ತಾ ಹೋದರು. ಅವುಗಳಲ್ಲಿ ಅಂಕ್-13 ಅನ್ನೋ ಜೀನ್ ಕೆಟ್ಟ ಹುಳದಲ್ಲಿ ಪೊಟ್ಟಣಗಳು ಇರುತ್ತವೆ, ಆದರೆ ಬಿಚ್ಚಿಕೊಳ್ಳುವುದಿಲ್ಲ. ಇಲಿಯಲ್ಲೂ ಮನುಷ್ಯನಲ್ಲೂ ಅದರ ಜೊತೆಗಾರ ಜೀನ್ ಇದೆ, ಕೆಲಸವೂ ಅದೇ. ಹಣ್ಣಿನ ನೊಣದಲ್ಲಿ ಶಿಬಿರೆ ಅನ್ನೋ ಜೀನ್ ಕೆಟ್ಟಿದ್ದರೆ, ಬಿಸಿ ಸ್ವಲ್ಪ ಏರಿದ ಕೂಡಲೇ ನೊಣ ದೊಪ್ಪನೆ ಬೀಳುತ್ತದೆ. ತಂಪಾದರೆ ಎದ್ದು ಹಾರುತ್ತದೆ. ಖಾಲಿಯಾದ ಪೊಟ್ಟಣದ ಪೊರೆಯನ್ನು ಮತ್ತೆ ಒಳಗೆಳೆದುಕೊಳ್ಳುವ ಕೆಲಸ ಬಿಸಿಯಲ್ಲಿ ನಿಂತುಹೋಗುವುದೇ ಕಾರಣ.

ಇಲ್ಲಿಯವರೆಗೆ ಪ್ರಾಣಿಗಳು ಕೊಟ್ಟ ಉತ್ತರ ಹೆಚ್ಚುಕಡಿಮೆ ನೇರವಾಗಿ ಮನುಷ್ಯರಿಗೂ ಹೊಂದಿತು. ಕಾಯಿಲೆಯ ವಿಷಯಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ.

ಕಾಯಿಲೆ ಬಿದ್ದ ಮೊಲಗಳು

ಮಯಸ್ತೇನಿಯಾ ಗ್ರೇವಿಸ್ ಅನ್ನೋ ಕಾಯಿಲೆ ಇದೆ. ಬೆಳಿಗ್ಗೆ ಸರಿಯಾಗಿರುವ ರೆಪ್ಪೆ ಸಂಜೆಯ ಹೊತ್ತಿಗೆ ಜೋತುಬೀಳುತ್ತದೆ. ಒಂದೊಂದು ವಸ್ತು ಎರಡಾಗಿ ಕಾಣುತ್ತದೆ. ಊಟ ಅಗಿಯುತ್ತಾ ಅಗಿಯುತ್ತಾ ದವಡೆ ಸೋಲುತ್ತದೆ. ಉಲ್ಬಣಿಸಿದರೆ ಉಸಿರಾಟಕ್ಕೇ ಕುತ್ತು. 1934ರಲ್ಲಿ ಬ್ರಿಟನ್ನಿನ ಮೇರಿ ವಾಕರ್ ಅನ್ನೋ ವೈದ್ಯೆ ಇದು ಸ್ನಾಯುಗಳನ್ನು ಸೋಲಿಸುವ ಕ್ಯೂರಾರೆ ವಿಷ ಏರಿದ ಹಾಗೇ ಇದೆಯಲ್ಲ ಅಂತ ಗಮನಿಸಿ, ಆ ವಿಷಕ್ಕೆ ಕೊಡುವ ಮದ್ದನ್ನೇ ಕೊಟ್ಟು ನೋಡಿದ್ದರು. ರೋಗಿ ಚೇತರಿಸಿಕೊಂಡರು, ಆದರೆ ಮದ್ದಿನ ಪ್ರಭಾವ ಇರುವವರೆಗೆ ಮಾತ್ರ. ಕಾಯಿಲೆಗೆ ಕಾರಣ ಏನು ಅನ್ನೋದು ಗೊತ್ತಾಗಲಿಲ್ಲ.

1973ರಲ್ಲಿ ಅಮೆರಿಕದ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಅವರ ತಲೆಯಲ್ಲಿ ಈ ಕಾಯಿಲೆಯೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಅಸಿಟೈಲ್‌ಕೋಲಿನ್ನನ್ನು ಹಿಡಿದುಕೊಳ್ಳುವ ಗ್ರಾಹಿಗೆ ಅಂಟುವ ಆಂಟಿಬಾಡಿ. ಆ ಗ್ರಾಹಿ ನಮ್ಮ ಸ್ನಾಯುವಿನಲ್ಲಿ ನರ ಸೇರುವ ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಇರುತ್ತದೆ. ವಿದ್ಯುತ್ ಈಲ್ ಮೀನಿನ ಶಾಕ್ ಕೊಡುವ ಅಂಗದಲ್ಲಾದರೆ ಅದು ಕಿಕ್ಕಿರಿದಿರುತ್ತದೆ. ಮೀನಿನಿಂದ ಅದನ್ನು ಶುದ್ಧಗೊಳಿಸಿ ತೆಗೆದು ಮೊಲಗಳಿಗೆ ಚುಚ್ಚಿದರು, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದರು. ಮೊಲಗಳು ಆಂಟಿಬಾಡಿಯನ್ನು ತಯಾರಿಸಿದವು. ಜೊತೆಗೆ ಕುತ್ತಿಗೆ ಎತ್ತಲಾಗದೆ, ಕಾಲಲ್ಲಿ ಬಲವಿಲ್ಲದೆ, ಉಸಿರಿಗೆ ಒದ್ದಾಡುತ್ತಾ ನೆಲಕ್ಕೆ ಒರಗಿದವು. ಮಯಸ್ತೇನಿಯಾ ರೋಗಿಗಳಿಗೆ ಕೊಡುವ ಮದ್ದನ್ನು ಕೊಟ್ಟಾಗ ಚೇತರಿಸಿಕೊಂಡವು.

ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ನಲವತ್ತು ವರ್ಷಗಳ ಒಗಟು ಮೊಲದ ಗೂಡಿನಲ್ಲಿ ಬಿಡಿಸಿಕೊಂಡಿತು: ದೇಹ ತನ್ನದೇ ಗ್ರಾಹಿಯ ಮೇಲೆ ದಾಳಿ ಮಾಡುತ್ತಿದೆ. ಅದೇ ವರ್ಷ ಇನ್ನೊಂದು ತಂಡ ರೋಗಿಗಳ ಸ್ನಾಯುವಿನಲ್ಲಿ ಗ್ರಾಹಿಗಳನ್ನು ಎಣಿಸಿತು. ಎಣಿಸಲು ಬಳಸಿದ್ದು ಕಟ್ಟುಹಾವಿನ ಜಾತಿಯ ಹಾವಿನ ವಿಷದ ಒಂದು ಅಂಶ, ಅದು ಗ್ರಾಹಿಗೆ ಅಂಟಿದರೆ ಬಿಡುವುದಿಲ್ಲ. (ಕಟ್ಟುಹಾವು ಕಚ್ಚಿದವರ ರೆಪ್ಪೆ ಜೋತುಬೀಳುವುದೂ ಇದೇ ನರ-ಸ್ನಾಯು ಸಂಧಿಗೆ ಪೆಟ್ಟು ಬಿದ್ದಾಗಲೇ.) ರೋಗಿಗಳಲ್ಲಿ ಗ್ರಾಹಿಗಳು ತೀರಾ ಕಡಿಮೆ ಇದ್ದವು. 1975ರಲ್ಲಿ ರೋಗಿಗಳ ರಕ್ತದ ಆಂಟಿಬಾಡಿಯನ್ನು ಇಲಿಗಳಿಗೆ ಕೊಟ್ಟಾಗ ಇಲಿಗಳ ಸಂಧಿಯಲ್ಲೂ ಅದೇ ದೋಷ ಕಾಣಿಸಿಕೊಂಡಿತು. ಅಲ್ಲಿಗೆ ಸಂಶಯ ಉಳಿಯಲಿಲ್ಲ. ಪ್ಲಾಸ್ಮಾ ಬದಲಿಸುವುದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು, ಈಚೆಗೆ ರಕ್ತದಲ್ಲಿ ಆಂಟಿಬಾಡಿಯನ್ನೇ ಕಡಿಮೆ ಮಾಡುವ ಔಷಧಿಗಳು, ಇವೆಲ್ಲ ನಿಂತಿರುವುದು ಆ ತಿಳಿವಳಿಕೆಯ ಮೇಲೆ. ಮೊಲದಲ್ಲಿ ಇದ್ದದ್ದು ಕಾಯಿಲೆಯ ನಕಲಲ್ಲ, ಕಾಯಿಲೆಯ ಕಾರಣವೇ. ಅದಕ್ಕೇ ಇದು ಫಲಿಸಿತು.

ಕೆಲವು ಪ್ರಾಣಿಗಳಿಗೆ ಕಾಯಿಲೆ ಹುಟ್ಟಿನಿಂದಲೇ ಬಂದಿರುತ್ತದೆ. ಅಮೆರಿಕದ ಟೆನೆಸಿಯ ಒಂದು ತಳಿಯ ಮೇಕೆಗಳು ಬೆಚ್ಚಿಬಿದ್ದರೆ ಕಾಲು ಸೆಟೆದು ಉರುಳುತ್ತವೆ. ಸ್ನಾಯುವಿನ ಕ್ಲೋರೈಡ್ ದ್ವಾರದ ದೋಷ ಅದು, ಮನುಷ್ಯರಲ್ಲೂ ಅದೇ ದೋಷದ ಕಾಯಿಲೆ ಇದೆ. ಎಲ್ಲೆಂದರಲ್ಲಿ ನಿದ್ದೆಗೆ ಜಾರುವ ಡಾಬರ್‌ಮನ್ ನಾಯಿಗಳಲ್ಲಿ 1999ರಲ್ಲಿ ಒರೆಕ್ಸಿನ್ ಅನ್ನೋ ರಾಸಾಯನಿಕದ ಗ್ರಾಹಿ ಕೆಟ್ಟಿರುವುದು ಕಂಡಿತು. ಇಂಥದೇ ನಿದ್ದೆಯ ಕಾಯಿಲೆಯಾದ ನಾರ್ಕೊಲೆಪ್ಸಿ ಇರುವ ಮನುಷ್ಯರಲ್ಲಿ ಆ ಒರೆಕ್ಸಿನ್ನೇ ಕಡಿಮೆ ಅಂತ ಮರುವರ್ಷ ಗೊತ್ತಾಯಿತು.

ಲಕ್ಷಣ ಒಂದೇ, ಕಾರಣ ಬೇರೆ

ಕೈಕಾಲು ನಡುಗಿ ಮೈ ಬಿಗಿಯುವ ಪಾರ್ಕಿನ್ಸನ್ ಕಾಯಿಲೆಯ ಕಥೆ ಅರ್ಧ ಗೆಲುವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಕೊಟ್ಟಾಗ ಕದಲದೆ ಕೂತ ಪ್ರಾಣಿಗಳು, ಮೆದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕವಾಗಿ ಬದಲಾಗುವ ಡೋಪಾ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಓಡಾಡಿದವು ಅಂತ ತೋರಿಸಿದರು. ಇವತ್ತಿಗೂ ಪಾರ್ಕಿನ್ಸನ್‌ಗೆ ಮುಖ್ಯ ಮಾತ್ರೆ ಲೆವೊಡೋಪಾ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕಳ್ಳ ಹೆರಾಯಿನ್ ಚುಚ್ಚಿಕೊಂಡು ಕಲ್ಲಿನಂತೆ ಸೆಟೆದುಹೋದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಅನ್ನೋ ವಿಷ ಡೋಪಮಿನ್ ತಯಾರಿಸುವ ಮೆದುಳಿನ ಕೋಶಗಳನ್ನು ಕೊಂದಿತ್ತು. ಅದನ್ನು ಕೊಟ್ಟ ಕೋತಿಗಳಿಗೆ ಪಾರ್ಕಿನ್ಸನ್ ಲಕ್ಷಣ ಬಂತು. ಸಣ್ಣ ಜಾತಿಯ ಇಲಿಗಳಿಗೂ ಅದು ತಟ್ಟಿತು, ದೊಡ್ಡ ಜಾತಿಯ ಇಲಿಗಳು ಮಾತ್ರ ಅದನ್ನು ಬಹುಮಟ್ಟಿಗೆ ತಡೆದುಕೊಂಡವು. ಅಷ್ಟು ಹತ್ತಿರದ ಪ್ರಾಣಿಗಳ ನಡುವೆಯೇ ಇಷ್ಟು ವ್ಯತ್ಯಾಸ! 1990ರಲ್ಲಿ ಇಂಥ ಕೋತಿಗಳ ಮೆದುಳಿನ ಆಳದ ಸಬ್‌ಥಲಾಮಿಕ್ ಅನ್ನೋ ಪುಟ್ಟ ಗಂಟನ್ನು ಕೆಲಸ ಮಾಡದಂತೆ ಮಾಡಿದಾಗ ನಡುಕ, ಬಿಗಿತ ಇಳಿದವು. ಅದೇ ಗಂಟಿಗೆ ಎಲೆಕ್ಟ್ರೋಡ್ ಇಡುವ ಚಿಕಿತ್ಸೆ ಕೆಲವೇ ವರ್ಷಗಳಲ್ಲಿ ರೋಗಿಗಳಿಗೆ ಸಿಕ್ಕಿತು.

ಆದರೆ ಕೋಶಗಳು ಸಾಯುವುದನ್ನೇ ತಡೆಯುವ ಮದ್ದು ಹುಡುಕಲು ಹೋದಾಗ ಈ ಕೋತಿಗಳು, ಇಲಿಗಳು ದಾರಿ ತಪ್ಪಿಸಿದವು. ಇಲ್ಲಿ ಕೋಶ ಸಾಯುವುದು ದಿನಗಳಲ್ಲಿ, ವಿಷದಿಂದ. ರೋಗಿಯಲ್ಲಿ ಸಾಯುವುದು ವರ್ಷಗಳಲ್ಲಿ, ಬೇರೆ ಕಾರಣಕ್ಕೆ. ಮೆಣಸಿನ ಘಾಟಿಗೂ ಕೆಮ್ಮು ಬರುತ್ತದೆ, ಕ್ಷಯಕ್ಕೂ ಕೆಮ್ಮು ಬರುತ್ತದೆ. ಘಾಟಿನ ಕೆಮ್ಮು ನಿಲ್ಲಿಸಿದ ಮದ್ದು ಕ್ಷಯವನ್ನು ವಾಸಿ ಮಾಡೀತೇ? ಕೆಮ್ಮುವಾಗ ಎದೆ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಮಾತ್ರ ಎರಡರಲ್ಲೂ ಕಲಿಯಬಹುದು, ಅಲ್ವಾ?

ಅಲ್ಜೈಮರ್‌ದ್ದು ಇನ್ನೂ ಕಷ್ಟ. ಇಲಿಗೆ ತಾನಾಗಿ ಆ ಕಾಯಿಲೆ ಬರುವುದಿಲ್ಲ, ಬದುಕುವುದೇ ಎರಡು ಮೂರು ವರ್ಷ. ಹಾಗಾಗಿ ಮನುಷ್ಯನ ಕೆಟ್ಟ ಜೀನನ್ನು ಇಲಿಗೆ ಹಾಕಿ ಮೆದುಳಿನಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನಿನ ಗಂಟುಗಳನ್ನು ಬರಿಸುತ್ತಾರೆ. 1999ರಲ್ಲಿ ಒಂದು ಲಸಿಕೆ ಆ ಗಂಟುಗಳನ್ನು ಇಲಿಯಲ್ಲಿ ಕರಗಿಸಿತು. ಮನುಷ್ಯರಲ್ಲಿ ಸುಮಾರು 6% ಮಂದಿಗೆ ಮೆದುಳಿನ ಉರಿಯೂತ ಬಂದು, 2002ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು.

ಇಲ್ಲಿ ಅಂಕ್-13ರ ಮನುಷ್ಯ ರೂಪವಾದ ಯುಎನ್‌ಸಿ13ಎ ಜೀನನ್ನು ನೋಡಬೇಕು. ಎಎಲ್‌ಎಸ್ ಅನ್ನೋ ಕಾಯಿಲೆಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಬಹುತೇಕ ರೋಗಿಗಳಲ್ಲಿ ಟಿಡಿಪಿ-43 ಅನ್ನೋ ಪ್ರೋಟೀನ್ ತನ್ನ ಜಾಗ ಬಿಟ್ಟು ಹೋಗಿರುತ್ತದೆ. ಹಾಗಾದಾಗ ಈ ಜೀನಿನ ಸಂದೇಶದೊಳಗೆ ಬೇಡದ ತುಣುಕೊಂದು ಸೇರಿ ಪ್ರೋಟೀನ್ ತಯಾರಾಗುವುದೇ ಕಡಿಮೆಯಾಗುತ್ತದೆ ಅಂತ 2022ರಲ್ಲಿ ಗೊತ್ತಾಯಿತು. ಇಲಿಯಲ್ಲೂ ಆ ಜೀನ್ ಇದೆ. ಆ ಬೇಡದ ತುಣುಕು ಮಾತ್ರ ಇಲ್ಲ. ಜೀನ್ ಏನು ಕೆಲಸ ಮಾಡುತ್ತದೆ ಅಂತ ಹುಳ ಹೇಳಿಕೊಟ್ಟಿತು, ಅದು ಕೆಡುವ ರೀತಿಯನ್ನು ಮನುಷ್ಯ ಕೋಶವೇ ಹೇಳಬೇಕಾಯಿತು. ಮಾಮೂಲಿ ಇಲಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ಇದು ಕಾಣುತ್ತಿರಲಿಲ್ಲ.

ಇಲಿಯ ತಪ್ಪೇ ಎಲ್ಲವೂ?

ಎಲ್ಲ ಸೋಲನ್ನೂ ಇಲಿಯ ಮೇಲೆ ಹೊರಿಸುವುದೂ ನ್ಯಾಯವಲ್ಲ. 1994ರಿಂದ ಎಎಲ್‌ಎಸ್‌ಗೆ ಬಳಸುತ್ತಿದ್ದ ಇಲಿ ಎಸ್‌ಒಡಿ1 ಅನ್ನೋ ಕೆಟ್ಟ ಜೀನಿನದು. ಅದರಲ್ಲಿ ಆಯಸ್ಸು ಹೆಚ್ಚಿಸಿದವು ಅಂತ ಹಲವು ಔಷಧಿಗಳ ವರದಿ ಬಂತು. ಅವುಗಳಲ್ಲಿ ಒಂದಾದ ಮಿನೊಸೈಕ್ಲಿನ್ ಮನುಷ್ಯರಲ್ಲಿ ಕಾಯಿಲೆಯನ್ನು ಇನ್ನಷ್ಟು ಬೇಗ ಹೆಚ್ಚಿಸಿತು. 2008ರಲ್ಲಿ ಅಮೆರಿಕದ ಒಂದು ತಂಡ 70ಕ್ಕೂ ಹೆಚ್ಚು ಔಷಧಿಗಳನ್ನು ಸಾವಿರಾರು ಇಲಿಗಳಲ್ಲಿ ಮತ್ತೆ ಪರೀಕ್ಷಿಸಿದ ವರದಿ ಕೊಟ್ಟಿತು. ಹಳೆಯ ಗೆಲುವುಗಳು ಮರುಕಳಿಸಲೇ ಇಲ್ಲ. ಹಳೆಯ ಪ್ರಯೋಗಗಳ ಗುಂಪುಗಳಲ್ಲಿ ಇಲಿಗಳು ತೀರಾ ಕಡಿಮೆ ಇದ್ದವು, ಒಂದೇ ಸೂಲಿನ ಮರಿಗಳನ್ನು ಸರಿಯಾಗಿ ಹಂಚಿರಲಿಲ್ಲ, ಬೇರೆ ಕಾರಣಕ್ಕೆ ಸತ್ತವನ್ನೂ ಲೆಕ್ಕಕ್ಕೆ ಸೇರಿಸಿದ್ದರು, ಕೆಟ್ಟ ಜೀನಿನ ಪ್ರತಿಗಳು ಕಡಿಮೆಯಾದ ಇಲಿಗಳನ್ನು ಬೇರ್ಪಡಿಸಿರಲಿಲ್ಲ.

ಇದು ನನಗೆ ತುಂಬ ನೋವಿನ ವಿಷಯ. ಪ್ರಾಣಿಗೆ ನೋವು ಕೊಟ್ಟು ಮಾಡುವ ಪ್ರಯೋಗವನ್ನು ಒಪ್ಪಬೇಕಾದರೆ ಅದರಿಂದ ನಂಬುವಂಥ ಉತ್ತರ ಸಿಗಲೇಬೇಕು. ಬೇಜವಾಬ್ದಾರಿಯಿಂದ ಮಾಡಿದ ಪ್ರಯೋಗದಲ್ಲಿ ಪ್ರಾಣಿಯ ಜೀವವೂ ಹೋಯಿತು, ನಂಬಿ ಔಷಧಿ ತೆಗೆದುಕೊಂಡ ರೋಗಿಯ ಕಾಲವೂ ಹೋಯಿತು. 1959ರಲ್ಲೇ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ ಬಳಸಿ, ಸಂಖ್ಯೆ ತಗ್ಗಿಸಿ, ನೋವು ಕಡಿಮೆ ಮಾಡಿ ಅಂದಿದ್ದರು. ರೋಗಿಯ ಚರ್ಮದ ಕೋಶಗಳಿಂದಲೇ ನರಕೋಶ ಬೆಳೆಸುವುದು ಈಗ ಸಾಧ್ಯವಾಗಿದೆ. ಯುಎನ್‌ಸಿ13ಎ ಜೀನಿನ ಆ ಬೇಡದ ತುಣುಕು ಕಂಡದ್ದೂ ಮನುಷ್ಯ ಕೋಶಗಳಲ್ಲೇ. ಆದರೆ ತಟ್ಟೆಯಲ್ಲಿ ಬೆಳೆದ ಕೋಶ ನಡೆಯುವುದಿಲ್ಲ, ಉಸಿರಾಡುವುದಿಲ್ಲ. ಔಷಧಿ ಮೈಯಲ್ಲಿ ಎಲ್ಲಿಗೆ ತಲುಪುತ್ತದೆ, ಯಾವಾಗ ಕೊಡಬೇಕು ಅನ್ನೋದಕ್ಕೆ ಇಡೀ ಜೀವಿಯೇ ಬೇಕಾಗುತ್ತದೆ.

ಕಾರಣ ಗೊತ್ತಿದ್ದಾಗ

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ, ಇದಕ್ಕೆ ಒಳ್ಳೆಯ ಉದಾಹರಣೆ. ಇದರ ತೀವ್ರ ರೂಪದಲ್ಲಿ ಹುಟ್ಟಿದ ಮಗು ಕೂರುವುದನ್ನೇ ಕಲಿಯುವುದಿಲ್ಲ. ಚಿಕಿತ್ಸೆ ಇಲ್ಲದ ಕಾಲದಲ್ಲಿ ಬಹಳಷ್ಟು ಮಕ್ಕಳು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಎಸ್‌ಎಂಎನ್1 ಅನ್ನೋ ಜೀನ್ ಇಲ್ಲದಿರುವುದೇ ಕಾರಣ ಅಂತ 1995ರಲ್ಲಿ ಗೊತ್ತಾಯಿತು. ಮನುಷ್ಯರಿಗೆ ಎಸ್‌ಎಂಎನ್2 ಅನ್ನೋ ಹೆಚ್ಚುವರಿ ಜೀನ್ ಕೂಡ ಇದೆ. ಅದೂ ಅದೇ ಪ್ರೋಟೀನ್ ಮಾಡುತ್ತದೆ, ಆದರೆ ಬಹಳ ಕಡಿಮೆ. ಇಲಿಗೆ ಈ ಎರಡನೆಯ ಜೀನ್ ಇಲ್ಲ. ಇರುವ ಒಂದನ್ನು ತೆಗೆದರೆ ಮರಿ ಹುಟ್ಟುವ ಮೊದಲೇ ಸಾಯುತ್ತದೆ.

2000ದಲ್ಲಿ ಸಂಶೋಧಕರು ಇಲಿಯ ಜೀನ್ ತೆಗೆದು ಮನುಷ್ಯನ ಎಸ್‌ಎಂಎನ್2 ಸೇರಿಸಿದರು. ಎರಡು ಪ್ರತಿ ಇದ್ದ ಮರಿಗಳು ಹುಟ್ಟಿ ಕೆಲವೇ ದಿನಗಳಲ್ಲಿ ಸತ್ತವು, ಎಂಟು ಪ್ರತಿ ಇದ್ದವು ಆರೋಗ್ಯವಾಗಿದ್ದವು. ಮನುಷ್ಯರಲ್ಲೂ ಹಾಗೇ, ಪ್ರತಿ ಜಾಸ್ತಿ ಇದ್ದಷ್ಟೂ ಕಾಯಿಲೆ ಸೌಮ್ಯ. ಹಾಗಾದರೆ ಇರುವ ಎಸ್‌ಎಂಎನ್2ರಿಂದಲೇ ಹೆಚ್ಚು ಕೆಲಸ ತೆಗೆದರೆ ಹೇಗೆ? ನುಸಿನರ್ಸೆನ್ ಅನ್ನೋ ಔಷಧಿ ಮಾಡುವುದು ಅದನ್ನೇ. ಈ ಇಲಿಗಳಲ್ಲಿ ಪರೀಕ್ಷೆಯಾದ ಅದಕ್ಕೆ 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಲ್ಲದ ಜೀನನ್ನೇ ವೈರಸ್ ಮೂಲಕ ತಲುಪಿಸುವ ಚಿಕಿತ್ಸೆ 2019ರಲ್ಲಿ ಬಂತು.

ಇಲಿಗಳು ಇನ್ನೊಂದು ಮಾತನ್ನೂ ಹೇಳಿದ್ದವು. 2010ರಲ್ಲಿ ಜೀನ್ ಚಿಕಿತ್ಸೆಯನ್ನು ಹುಟ್ಟಿದ ಮರುದಿನ ಕೊಟ್ಟಾಗ, ಎರಡು ವಾರದಲ್ಲಿ ಸಾಯಬೇಕಿದ್ದ ಮರಿಗಳು ಎಂಟು ತಿಂಗಳಿಗೂ ಹೆಚ್ಚು ಬದುಕಿದವು. ಐದನೆಯ ದಿನ ಕೊಟ್ಟಾಗ ಅರ್ಧಂಬರ್ಧ ಲಾಭ. ಹತ್ತನೆಯ ದಿನ ಕೊಟ್ಟಾಗ ಹೆಚ್ಚೇನೂ ಆಗಲಿಲ್ಲ. ಇದೇ ಕಾರಣಕ್ಕೆ ವೈದ್ಯರು ಲಕ್ಷಣ ಕಾಣುವ ಮೊದಲೇ ಮಕ್ಕಳಿಗೆ ಔಷಧಿ ಕೊಟ್ಟು ನೋಡಿದರು. ನುಸಿನರ್ಸೆನ್ ಹೀಗೆ ಪಡೆದ 25 ಮಕ್ಕಳಲ್ಲಿ 22 ಮಕ್ಕಳು ಯಾರ ಆಸರೆಯೂ ಇಲ್ಲದೆ ನಡೆಯಲು ಕಲಿತರು. ಹಲವು ದೇಶಗಳಲ್ಲಿ ಈಗ ನವಜಾತ ಶಿಶುವಿನ ಒಂದು ಹನಿ ರಕ್ತದಲ್ಲೇ ಎಸ್‌ಎಂಎ ಪರೀಕ್ಷೆ ಮಾಡುತ್ತಾರೆ. ತಡವಾಗಿ ಗೊತ್ತಾದ ಮಕ್ಕಳಲ್ಲಿ ಔಷಧಿ ಕಾಯಿಲೆಯನ್ನು ತಡೆಹಿಡಿಯುತ್ತದೆ, ಕೆಲವರಿಗೆ ಬಲವನ್ನೂ ತರುತ್ತದೆ. ಆದರೆ ಅಷ್ಟರಲ್ಲಿ ಸತ್ತುಹೋದ ನರಕೋಶಗಳನ್ನು ಮರಳಿ ತರುವ ದಾರಿ ಇನ್ನೂ ಸಿಕ್ಕಿಲ್ಲ.